ಹಿರಿಯರಿಗೂ ಹಿರಿಯರು

(ಬಾನುಲಿ ಭಾಷಣ)

ಮಹಾಲಯ ಅಮಾವಾಸ್ಯೆಯ ದಿನ ಧನಗೆರೆಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಪದ್ಧತಿ ಉಂಟು. ಹೊಸ ಬಟ್ಟೆಯನ್ನಿಟ್ಟು, ಬಾಳೆಯೆಲೆಯ ಮೇಲೆ ಅವರವರಿಗೆ ಬದುಕಿದ್ದಾಗ ಪ್ರಿಯವಾಗಿದ್ದ ತಿನಿಸುಗಳನ್ನು ಬಡಿಸಿ, ಧೂಪ ಹಾಕಿ, ಬಾಗಿಲನ್ನು ಮುಂದಕ್ಕೆಳೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂಬ ಭಾವನೆ. ಹೋದ ವರ್ಷ ಹೀಗೆ ಹೊರಗೆ ನಿಂತಿದ್ದಾಗ ನನ್ನ ಮೊಮ್ಮಗ, ಏಳನೆಯ ತರಗತಿಯಲ್ಲಿ ಓದುವವನು, "ತಾತ, ಒಳಗೆ ಯಾರು ಯಾರು ಬಂದಿದ್ದಾರೆ?" ಎಂದು ಕೇಳಿದ. ನಾನು ನನ್ನ ತಂದೆಯ ಹೆಸರು ಹೇಳಿದೆ, ತಾತನ ಹೆಸರು ಹೇಳಿದೆ, ಮುತ್ತಾತನ ಹೆಸರನ್ನೂ ಹೇಳಿದೆ. "ಅವರಿಗಿಂತ ಮೊದಲಿನವರು?" ಎಂದ. ನನಗೆ ಗೊತ್ತಿಲ್ಲ ಎಂದೆ. "ಹಾಗಾದರೆ ಅವರಿಗೆ ಎಡೆ ಬೇಡವೇ?" ಎಂದು ಕೇಳಿ ಹುಡುಗ ಸುಮ್ಮನಾದ.

ಬಾಗಿಲ ಹೊರಗೆ ನಿಂತ ಹಾಗೆಯೇ ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕತೊಡಗಿದೆ. ಬಹುಕಾಲ ಮೇಷ್ಟರಾಗಿದ್ದವನಿಗೆ ಬಿಡಲಾಗದ ಚಾಳಿ ಇದು. ಒಂದು ತಲೆಮಾರಿಗೆ 25 ವರ್ಷ ಎಂದಿಟ್ಟುಕೊಳ್ಳೋಣ. ತಲೆಮಾರಿಗೆ ಒಂದೇ ಎಲೆ. ಎಲೆಗೆ ಒಂದೂವರೆ ಅಡಿ ಸ್ಥಳ. ಎಲೆಗಳನ್ನು ಒಂದರ ಮಗ್ಗುಲಿಗೆ ಒಂದರಂತೆ ನಡುಮನೆಯಿಂದ ಬೀದಿಗೆ, ಬೀದಿಯಿಂದ ಊರ ಹೊರಕ್ಕೆ ಹಾಸುತ್ತ ಹೋದರೆ ಏನಾದೀತು? ನನಗೆ ಹೆಸರು ತಿಳಿದ ಹಿರಿಯರ ಸಾಲು ನಾಲ್ಕೂವರೆ ಅಡಿಗೆ ಮುಗಿದುಹೋಗುತ್ತದೆ. ಅದು ಹೊಸ್ತಿಲನ್ನೂ ದಾಟುವುದಿಲ್ಲ. ನಮ್ಮ ಕಡೆ ಪ್ರಾಚೀನ ಎನ್ನಿಸಿಕೊಂಡ ನೆಲೆಯೆಂದರೆ ಹೊಳೆಯ ಮೇಲುಭಾಗದಲ್ಲಿ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರ. 1960ರ ಸುಮಾರಿನಲ್ಲಿ ಮೈಸೂರಿನ ಡಾ. ಎಂ. ಶೇಷಾದ್ರಿಯವರು ಅಲ್ಲಿ ಉತ್ಖನನ ನಡೆಸಿ ನೂತನ ಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ, ಮಣ್ಣಿನ ಪಾತ್ರೆ, ಸತ್ತವರನ್ನು ಹೂಳುವ ಕ್ರಮ ಎಲ್ಲವೂ ಇದ್ದ ಜನ ಅವರು. ಅವರ ಕಾಲ ಇಂದಿಗೆ ಸುಮಾರು 3,500 ವರ್ಷಗಳ ಹಿಂದೆ. ನನ್ನ ಲೆಕ್ಕದಲ್ಲಿ 140 ಎಲೆಗಳು, 210 ಅಡಿ. ನಮ್ಮ ಬೀದಿಯ ಕೊನೆಯನ್ನೂ ಮುಟ್ಟಿದಂತಾಗಲಿಲ್ಲ. ಆದರೆ ಮನುಷ್ಯನ ಕಥೆ ಅಲ್ಲಿಂದ ಹಿಂದಕ್ಕೆ ಊರೂರುಗಳನ್ನು ದಾಟಿಕೊಂಡು ಹೋಗುತ್ತದೆ.

ಈ ಕಥೆಯನ್ನು ಹೇಳಲು ನಾನು ಪುರಾತತ್ತ್ವಜ್ಞನಲ್ಲ, ಜೀವವಿಜ್ಞಾನಿಯೂ ಅಲ್ಲ. ನನಗಿರುವ ಅಧಿಕಾರವೆಂದರೆ ನಾನು ಮಾಡಿದ ಒಂದು ತಪ್ಪು. ಅದನ್ನು ಮೊದಲೇ ಹೇಳಿಬಿಡುವುದು ಲೇಸು.

1979ರಲ್ಲಿ ನಾನು ಬೆಟ್ಟದ ಬುಡದ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆ. ಮಾನವನ ವಿಕಾಸದ ಪಾಠ. ಗೋಡೆಗೆ ಒಂದು ಚಿತ್ರಪಟವನ್ನು ತೂಗುಹಾಕಿದ್ದೆ. ಆ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ: ಎಡತುದಿಯಲ್ಲಿ ಬಾಗಿ ನಡೆಯುವ ವಾನರ, ಅದರ ಮುಂದೆ ಸ್ವಲ್ಪ ನೆಟ್ಟಗಾದ ಇನ್ನೊಂದು, ಮತ್ತೂ ನೆಟ್ಟಗಾದ ಮಗುದೊಂದು, ಕೊನೆಗೆ ಬಲತುದಿಯಲ್ಲಿ ಎದೆಯುಬ್ಬಿಸಿ ನಡೆಯುವ ಮನುಷ್ಯ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಸ್ತಕಕ್ಕಾಗಿ ರುಡಾಲ್ಫ್ ಜಾಲಿಂಗರ್ ಎಂಬ ಕಲಾವಿದ ಬರೆದ ಚಿತ್ರದಿಂದ ಈ ಮೆರವಣಿಗೆ ಪ್ರಸಿದ್ಧಿಗೆ ಬಂತು. ಆಮೇಲೆ ಜಗತ್ತಿನ ಶಾಲೆಗಳ ಗೋಡೆಗಳನ್ನೆಲ್ಲ ಹತ್ತಿತು. ಸಾಲಿನ ನಡುವೆ ನಿಂತಿದ್ದ ಆಕೃತಿಯನ್ನು ಕೋಲಿನಿಂದ ತೋರಿಸಿ "ಇವನು ಆದಿಮಾನವ, ಕಾಡಿನಲ್ಲಿ ಅಲೆಯುತ್ತಿದ್ದ, ಗೆಡ್ಡೆಗೆಣಸು ಅಗೆದು ತಿನ್ನುತ್ತಿದ್ದ, ಜೇನು ಕೀಳುತ್ತಿದ್ದ" ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಬೆರಳು ಮಾಡಿ ಒಂದು ಹೆಸರು ಕೂಗಿದ. ತರಗತಿಯಲ್ಲಿ ಸೋಲಿಗರ ಹುಡುಗ ಒಬ್ಬನೇ ಒಬ್ಬನಿದ್ದ. ಕೂಗಿದ್ದು ಅವನ ಹೆಸರನ್ನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ.

ಆ ದಿನ ನಾನು ಹೇಳಿದ ಪಾಠ ಎಲ್ಲಿ ತಪ್ಪಿತೆಂಬುದನ್ನು ಹುಡುಕುತ್ತ ಹೋದುದರಿಂದ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು. ತಿಳಿದುಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ನಾವು ಈಗಿನ ಚಿಂಪಾಂಜಿಯಿಂದ ಹುಟ್ಟಿದವರಲ್ಲ. ಅದು ನಮ್ಮ ತಾತನಲ್ಲ, ದಾಯಾದಿ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಂದು ವಾನರ ಕುಲ ಎರಡು ಮನೆಯಾಯಿತು. ಒಂದು ಕವಲು ಅಲ್ಲಿಂದ ಚಿಂಪಾಂಜಿಯವರೆಗೆ ಬಂತು, ಇನ್ನೊಂದು ನಮ್ಮವರೆಗೆ. ಎರಡೂ ಮನೆಯವರು ಆಮೇಲೆ ಸವೆಸಿದ ಕಾಲ ಒಂದೇ ಅಳತೆಯದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದರಿಂದ ಕೆಲಸವಿದೆ.

ನಮ್ಮ ಕವಲಿನವರಲ್ಲಿ ಮೊದಲು ಬದಲಾದದ್ದು ಯಾವುದು? ಮಿದುಳೇ ಮೊದಲು ದೊಡ್ಡದಾಗಿರಬೇಕು, ಬುದ್ಧಿ ಬಂದಮೇಲೆ ಉಳಿದದ್ದೆಲ್ಲ ಬಂದಿರಬೇಕು ಎಂದು ವಿದ್ವಾಂಸರು ಬಹಳ ದಿನ ನಂಬಿದ್ದರು. ನಮ್ಮ ಮಿದುಳಿನ ಬಗೆಗೆ ನಮಗಿರುವ ಅಭಿಮಾನ ಅಂಥದು. ಪುರಾವೆ ಬೇರೆಯೇ ಹೇಳಿತು. 1974ರಲ್ಲಿ ಇಥಿಯೋಪಿಯದ ಹಾದಾರ್ ಎಂಬಲ್ಲಿ ಡೊನಾಲ್ಡ್ ಜೊಹಾನ್ಸನ್ನರಿಗೆ ಒಂದು ಹೆಣ್ಣಿನದೆಂದು ಎಣಿಸಲಾದ ಎಲುಬುಗಳು ದೊರೆತವು. 32 ಲಕ್ಷ ವರ್ಷಗಳಷ್ಟು ಹಳೆಯವು. ಅವಳಿಗೆ 'ಲೂಸಿ' ಎಂದು ಹೆಸರಿಟ್ಟರು. ಎತ್ತರ ಮೂರೂವರೆ ಅಡಿ. ಅವಳ ಕುಲದವರ ಮಿದುಳು ನಮ್ಮ ಮಿದುಳಿನ ಮೂರನೆಯ ಒಂದು ಪಾಲಿನಷ್ಟು, ಚಿಂಪಾಂಜಿಯ ಮಿದುಳಿಗಿಂತ ಅಷ್ಟೇನೂ ಹೆಚ್ಚಲ್ಲ. ಆದರೆ ಅವಳ ಸೊಂಟ ಮತ್ತು ಮೊಣಕಾಲಿನ ಎಲುಬುಗಳು ಅವಳು ನಮ್ಮಂತೆಯೇ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿದ್ದಳೆಂದು ಸಾರುತ್ತಿದ್ದವು. ನಾಲ್ಕು ವರ್ಷಗಳ ಅನಂತರ, 1978ರಲ್ಲಿ, ತಾಂಜಾನಿಯದ ಲೇಟೋಲಿಯಲ್ಲಿ ಮೇರಿ ಲೀಕಿಯವರ ತಂಡ ಇದಕ್ಕಿಂತಲೂ ಮನಮುಟ್ಟುವ ಸಾಕ್ಷಿಯನ್ನು ಕಂಡಿತು: 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಮಳೆಗೆ ನೆನೆದು ಕೆಸರಾಗಿದ್ದಾಗ ಅದರ ಮೇಲೆ ನಡೆದುಹೋದವರ ಹೆಜ್ಜೆಗಳು. ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಮೂಡುವ ಹೆಜ್ಜೆಯನ್ನು ನೋಡಿದವರಿಗೆ ಅವುಗಳ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಮ್ಮಡಿ ಊರಿದ ಗುಳಿ, ಮುಂದಕ್ಕೆ ನೇರವಾಗಿ ಚಾಚಿದ ಹೆಬ್ಬೆರಳು. ನನ್ನ ಎಲೆಗಳ ಲೆಕ್ಕದಲ್ಲಿ ಈ ಹೆಜ್ಜೆಗಳು ನಮ್ಮ ಮನೆಯಿಂದ 65 ಕಿಲೋಮೀಟರಿಗೂ ಆಚೆ.

ಎರಡು ಕಾಲಿನ ನಡಿಗೆಯಿಂದ ಕೈಗಳು ಬಿಡುವಾದವು ಎಂಬುದು ಎಲ್ಲರೂ ಹೇಳುವ ಮಾತು. ಅದಕ್ಕೆ ತೆತ್ತ ಬೆಲೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನ್ನ ಸೊಂಟನೋವು ಆ ಬೆಲೆಯ ಒಂದು ಕಂತು, ಅದಿರಲಿ. ದೊಡ್ಡ ಬೆಲೆಯನ್ನು ತೆತ್ತವರು ಹೆಂಗಸರು. ನೆಟ್ಟಗೆ ನಡೆಯುವ ದೇಹಕ್ಕೆ ಸೊಂಟದ ಎಲುಬು ಕಿರಿದಾಗಿರಬೇಕು. ಮುಂದೆ ಲಕ್ಷಾಂತರ ವರ್ಷಗಳಲ್ಲಿ ಮಗುವಿನ ತಲೆಯೋ ಹಿರಿದಾಗುತ್ತ ಬಂತು. ಕಿರಿದಾದ ದಾರಿಯಲ್ಲಿ ಹಿರಿದಾದ ತಲೆ ತಿರುಗಿ ತಿರುಗಿ ಹೊರಬರಬೇಕು. ಇತರ ವಾನರಗಳು ಸಾಮಾನ್ಯವಾಗಿ ಯಾರ ನೆರವೂ ಇಲ್ಲದೆ ಹೆರುತ್ತವೆ. ಮನುಷ್ಯರಲ್ಲಿ ಬಸುರಿಯ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರುವುದು ಎಲ್ಲೆಡೆಯ ರೂಢಿ. ಸೂಲಗಿತ್ತಿಯ ಕೆಲಸ ಮನುಷ್ಯಕುಲದ ಅತಿ ಹಳೆಯ ಕಸುಬುಗಳಲ್ಲಿ ಒಂದಾಗಿರಬೇಕೆಂದು ಕೆಲವು ವಿದ್ವಾಂಸರು ತರ್ಕಿಸಿದ್ದಾರೆ. ನನ್ನ ಅಜ್ಜಿ ನಮ್ಮೂರಿನಲ್ಲಿ ಎಷ್ಟೋ ಹೆರಿಗೆಗಳನ್ನು ಮಾಡಿಸಿದವಳು. ಕಲ್ಲಿನ ಕೊಡಲಿಯ ಚಿತ್ರ ಎಲ್ಲ ಪುಸ್ತಕಗಳಲ್ಲಿಯೂ ಇದೆ; ಅವಳ ಕಸುಬಿಗೆ ಮಣ್ಣಿನಲ್ಲಿ ಉಳಿಯುವ ಗುರುತಿಲ್ಲ. ಹೀಗೆ ಹುಟ್ಟುವ ಮಗು ಮಹಾ ಅಸಹಾಯಕ. ಕತ್ತು ನಿಲ್ಲುವುದಕ್ಕೇ ತಿಂಗಳುಗಳು ಬೇಕು. ಅದನ್ನು ಸಾಕಲು ತಾಯಿಯೊಬ್ಬಳು ಸಾಲದು. ಈ ದೀರ್ಘವಾದ ಬಾಲ್ಯದ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ಕಲ್ಲಿನ ವಿಷಯ. ನಾವು ಹುಡುಗರಾಗಿದ್ದಾಗ ಎರಡು ಬೆಣಚುಕಲ್ಲುಗಳನ್ನು ಆಯ್ದು ತಂದು, ಕತ್ತಲಕೋಣೆಯಲ್ಲಿ ಒಂದಕ್ಕೊಂದು ಉಜ್ಜಿ ಮಿಣುಕುವ ಬೆಳಕನ್ನು ನೋಡುತ್ತಿದ್ದೆವು. ಸುಟ್ಟ ವಾಸನೆಯನ್ನು ಮೂಸುತ್ತಿದ್ದೆವು. ಕಲ್ಲು ಒಡೆದಾಗ ಏಳುವ ಚಕ್ಕೆ ಬೆರಳನ್ನು ಕೊಯ್ದದ್ದೂ ಉಂಟು. ಆ ಕೊಯ್ತವೇ ಮನುಷ್ಯನ ಮೊದಲ ಪಾಠವಾಗಿರಬೇಕು. ಕೆನ್ಯದ ಲೊಮೆಕ್ವಿ ಎಂಬಲ್ಲಿ ದೊರೆತ ಒಡೆದ ಕಲ್ಲುಗಳು 33 ಲಕ್ಷ ವರ್ಷಗಳಷ್ಟು ಹಿಂದಿನವು. ಸತ್ತು ಬಿದ್ದ ಪ್ರಾಣಿಯ ದಪ್ಪ ಚರ್ಮವನ್ನು ಹಲ್ಲಿನಿಂದ ಹರಿಯಲಾಗದ ಜೀವಿಗೆ ಒಂದು ಹರಿತವಾದ ಚಕ್ಕೆ ಏನೆಂಬುದನ್ನು ಊಹಿಸಿಕೊಳ್ಳಿ. ನಮ್ಮ ಪೂರ್ವಿಕರನ್ನು ಹುಲಿಯ ಎದುರು ನಿಂತ ಬೇಟೆಗಾರರಂತೆ ಚಿತ್ರಿಸುವುದು ನಮಗೆ ಇಷ್ಟ. ಆದರೆ ಬಹುಕಾಲ ಅವರು ಸಿಂಹ ಚಿರತೆಗಳು ತಿಂದು ಬಿಟ್ಟ ಎಲುಬನ್ನು ಕಲ್ಲಿನಿಂದ ಜಜ್ಜಿ ಒಳಗಿನ ಮಜ್ಜೆಯನ್ನು ತಿನ್ನುತ್ತಿದ್ದವರೂ ಆಗಿದ್ದಿರಬೇಕು.

ಸುಮಾರು 19 ಲಕ್ಷ ವರ್ಷಗಳ ಹಿಂದಿನಿಂದ ಕಾಣಿಸಿಕೊಳ್ಳುವ ಇನ್ನೊಂದು ಕುಲಕ್ಕೆ ವಿದ್ವಾಂಸರು 'ಹೋಮೋ ಇರೆಕ್ಟಸ್' ಎಂದು ಹೆಸರಿಟ್ಟಿದ್ದಾರೆ. ಕತ್ತಿನಿಂದ ಕೆಳಗೆ ಇವರು ಹೆಚ್ಚುಕಡಮೆ ನಮ್ಮಂತೆಯೇ. ಉದ್ದ ಕಾಲಿನ, ದೂರ ನಡೆಯಬಲ್ಲ ಜನ. ಆಫ್ರಿಕವನ್ನು ಬಿಟ್ಟು ಹೊರಟು ಜಾರ್ಜಿಯ, ಚೀನ, ಜಾವಗಳವರೆಗೆ ಹರಡಿದವರು. 1984ರಲ್ಲಿ ಕೆನ್ಯದ ತುರ್ಕಾನ ಸರೋವರದ ಬಳಿ ಕಮೋಯ ಕಿಮೆಯು ಎಂಬ ಕೆನ್ಯದವರೇ ಆದ ಶೋಧಕರಿಗೆ ಈ ಕುಲದ ಒಬ್ಬ ಹುಡುಗನ ಎಲುಬಿನ ಗೂಡು ಹೆಚ್ಚುಕಡಮೆ ಪೂರ್ಣವಾಗಿ ದೊರೆಯಿತು. 15 ಲಕ್ಷ ವರ್ಷಗಳ ಹಿಂದಿನದು. ಹಲ್ಲುಗಳನ್ನು ಪರೀಕ್ಷಿಸಿದವರು ಅವನಿಗೆ ಎಂಟೊಂಬತ್ತು ವರ್ಷ ಎಂದರು. ಎತ್ತರವೋ ಐದಡಿಯ ಮೇಲೆ. ಅಂದರೆ ಅವರ ಮಕ್ಕಳು ನಮ್ಮ ಮಕ್ಕಳಿಗಿಂತ ಬೇಗ ಬೆಳೆದುಬಿಡುತ್ತಿದ್ದರು. ನನ್ನ ಮೊಮ್ಮಗ ಎಡೆಯ ಮುಂದೆ ನಿಂತು ಪ್ರಶ್ನೆ ಕೇಳುವ ವಯಸ್ಸಿಗೆ ಅವರಲ್ಲಿ ಹುಡುಗತನ ಮುಗಿಯುತ್ತ ಬಂದಿರುತ್ತಿತ್ತು. ಜಾರ್ಜಿಯದ ದ್ಮಾನಿಸಿಯಲ್ಲಿ ಸಿಕ್ಕಿದ, ಸುಮಾರು 17 ಲಕ್ಷ ವರ್ಷಗಳ ಹಿಂದಿನ ಒಂದು ತಲೆಬುರುಡೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಆ ವ್ಯಕ್ತಿಗೆ ಒಂದನ್ನುಳಿದು ಎಲ್ಲ ಹಲ್ಲುಗಳೂ ಬಿದ್ದುಹೋಗಿ, ದವಡೆಯ ಕುಳಿಗಳೆಲ್ಲ ಮುಚ್ಚಿಕೊಂಡಿದ್ದವು. ಅಂದರೆ ಹಲ್ಲು ಹೋದ ಮೇಲೂ ಕೆಲವು ವರ್ಷ ಬದುಕಿದ್ದಿರಬೇಕು. ಯಾರಾದರೂ ಆಹಾರವನ್ನು ಮೆತ್ತಗೆ ಮಾಡಿ ಕೊಡುತ್ತಿದ್ದರೆ? ಹಾಗೆಂದು ಖಚಿತವಾಗಿ ಹೇಳುವಂತಿಲ್ಲ, ವಾದವಿವಾದಗಳಿವೆ. ನನಗಂತೂ ಕೊನೆಯ ದಿನಗಳಲ್ಲಿ ಅಜ್ಜಿಗೆ ನನ್ನ ತಾಯಿ ರಾಗಿ ಅಂಬಲಿ ಕುಡಿಸುತ್ತಿದ್ದುದು ನೆನಪಿಗೆ ಬಂತು.

ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಮೊದಲು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1863ರ ಮೇ 30ರಂದು, ಮದರಾಸಿನ ಬಳಿಯ ಪಲ್ಲಾವರದಲ್ಲಿ. ಅದೇ ವರ್ಷ ಅವರು ಕಂಡ ಅತ್ತಿರಂಪಾಕ್ಕಂ ನೆಲೆಯ ಕೈಗೊಡಲಿಗಳು 15 ಲಕ್ಷ ವರ್ಷಗಳಷ್ಟು ಹಳೆಯವೆಂದು ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ತೋರಿಸಿಕೊಟ್ಟರು. ಕರ್ನಾಟಕದಲ್ಲಿ ಇಂಥ ನೆಲೆಗಳು ತುಮಕೂರಿನ ಕಿಬ್ಬನಹಳ್ಳಿಯಲ್ಲಿಯೂ ಉಂಟು. ಆದರೆ ನಿಜವಾದ ಭಂಡಾರವಿರುವುದು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳದ ಕಣಿವೆಗಳಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ತಮ್ಮ ಆಯುಷ್ಯದ ಬಹುಪಾಲನ್ನು ಅಲ್ಲಿ ನಡೆದು ನಡೆದು ಕಳೆದರು; ನೂರಕ್ಕೂ ಮಿಕ್ಕ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಎಂಬ ಹಳ್ಳಿಯ ನೆಲೆ 1983ರಲ್ಲಿ ನೀರಾವರಿಯ ಕೆಲಸಕ್ಕೆಂದು ಮೇಲ್ಮಣ್ಣು ತೆಗೆದಾಗ ಕಾಣಿಸಿಕೊಂಡಿತು. 1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಜೊತೆಗೆ ಸಿಕ್ಕಿದ ಪ್ರಾಣಿಗಳ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜು ಮಾಡಿದ್ದಾರೆ. ನನ್ನ ಲೆಕ್ಕದಲ್ಲಿ 48,000 ಎಲೆಗಳು. ಧನಗೆರೆಯಿಂದ 22 ಕಿಲೋಮೀಟರು, ಕೊಳ್ಳೇಗಾಲದ ಪೇಟೆಯನ್ನು ದಾಟಿ ಮುಂದಕ್ಕೆ.

ನಿವೃತ್ತನಾದ ಮೇಲೆ ಒಮ್ಮೆ ನಾನು ಆ ಕಡೆಗೆ ಹೋಗಿದ್ದೆ. ನೋಡುವ ಕಣ್ಣಿಗೆ ಅಲ್ಲಿ ಏನೂ ಇಲ್ಲ: ಹೊಲ, ಜಾಲಿ, ಬಿಸಿಲು, ನೆಲದಿಂದ ಎದ್ದ ಸುಣ್ಣಕಲ್ಲಿನ ಚಪ್ಪಡಿಗಳು. ಆದರೆ ಆ ಚಪ್ಪಡಿಗಳೇ ಮುಖ್ಯ. ಅದು ಉಪಕರಣಗಳ ಕಾರ್ಖಾನೆಯಾಗಿತ್ತು. ಬಿರುಕುಗಳಿಂದ ತಾನಾಗಿ ಹೋಳಾಗಿದ್ದ ಹಾಸುಗಲ್ಲನ್ನು ಅವರು ಮೀಟಿ ತೆಗೆದಿದ್ದಾರೆ. ಬೇರೆ ಜಾತಿಯ ಗಟ್ಟಿ ಗುಂಡುಕಲ್ಲುಗಳನ್ನು ಸುತ್ತಿಗೆಯಾಗಿ ಬಳಸಲೆಂದು ತಂದಿದ್ದಾರೆ. ತೆಳುವಾದ ಹೋಳುಗಳನ್ನು ಎರಡೂ ಅಂಚಿಗೆ ಕೆತ್ತಿ ಕೈಗೊಡಲಿ ಮಾಡಿದ್ದಾರೆ, ದಪ್ಪನೆಯವುಗಳಿಂದ ದೊಡ್ಡ ಚಕ್ಕೆ ಎಬ್ಬಿಸಿ ಅಗಲ ಬಾಯಿಯ ಸೀಳುಗೊಡಲಿ ಮಾಡಿದ್ದಾರೆ. ಕುಳಿತು ಕೆತ್ತಿದ ಜಾಗದಲ್ಲಿ ಚಕ್ಕೆಗಳು ಬಿದ್ದ ಹಾಗೆಯೇ ಬಿದ್ದಿದ್ದವಂತೆ. ನಮ್ಮೂರಿಗೆ ಬೀಸುವ ಕಲ್ಲನ್ನು ಕಟೆದು ಕೊಡುವವರು ಬರುತ್ತಿದ್ದರು. ಅವರು ಹೋದ ಮೇಲೆ ಹುಣಿಸೆಮರದ ಕೆಳಗೆ ಕಲ್ಲಿನ ಚೂರುಗಳ ನಡುವೆ ಅವರು ಕಾಲು ಚಾಚಿ ಕೂತಿದ್ದ ಜಾಗ ಮಾತ್ರ ಬರಿದಾಗಿ ಕಾಣುತ್ತಿತ್ತು. ಇಸಾಂಪುರದಲ್ಲಿ ನಿಂತಾಗ ನಾನು ಕಂಡದ್ದು ಆ ಹುಣಿಸೆಮರದ ನೆರಳನ್ನು.

ಅವರ ಬದುಕನ್ನು ಪದ್ದಯ್ಯನವರು ಊಹಿಸಿರುವ ರೀತಿ ಸೊಗಸಾಗಿದೆ. ಬೇಸಗೆಯಲ್ಲಿ ಕಣಿವೆಯ ಬತ್ತದ ಊಟೆಗಳ ಬಳಿ ಗುಂಪುಗಳೆಲ್ಲ ಒಂದೆಡೆ ಕೂಡುವುದು. ನೀರಿಗೆ ಬರುವ ಪ್ರಾಣಿಗಳು ಆಗ ಅವರ ಆಹಾರ. ಮಳೆ ಬಿದ್ದೊಡನೆ ಸಣ್ಣ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರಿ ಸೊಪ್ಪು, ಕಾಯಿ, ಗೆಡ್ಡೆಗಳನ್ನು ಆಯ್ದುಕೊಳ್ಳುವುದು. ಅವರ ಎಲುಬು ಮಾತ್ರ ಕರ್ನಾಟಕದಲ್ಲಿ ಎಲ್ಲಿಯೂ ದೊರೆತಿಲ್ಲ. ನರ್ಮದೆಯ ದಡದ ಹಥನೋರದಲ್ಲಿ 1982ರ ಡಿಸೆಂಬರಿನಲ್ಲಿ ಅರುಣ್ ಸೋನಕಿಯ ಅವರಿಗೆ ದೊರೆತ ತಲೆಬುರುಡೆಯ ಭಾಗವೊಂದೇ ಭಾರತದ ದೊಡ್ಡ ಸಾಕ್ಷಿ. ಅದು ಯಾವ ಕುಲದ್ದು, ಎಷ್ಟು ಹಳೆಯದು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ.

ಈ ಕೈಗೊಡಲಿಯನ್ನು ಹಗುರವಾಗಿ ಕಾಣಬಾರದು. ಒಡೆಯುವ ಮೊದಲೇ ಕಲ್ಲಿನ ಒಳಗೆ ಆಕಾರವನ್ನು ಕಾಣಬಲ್ಲವನಿಗೆ ಮಾತ್ರ ಅದು ಸಾಧ್ಯ. ಇಂದಿನ ಸಂಶೋಧಕರು ತಾವೇ ಕಲ್ಲು ಹಿಡಿದು ಅದನ್ನು ಮಾಡಲು ಕಲಿತಿದ್ದಾರೆ. ಒಳ್ಳೆಯ ಕೈಗೊಡಲಿ ಬರಬೇಕಾದರೆ ಹೇಳಿಕೊಡುವವರಿದ್ದೂ ತಿಂಗಳುಗಟ್ಟಲೆ ಅಭ್ಯಾಸ ಬೇಕೆಂದು ಕಂಡುಕೊಂಡಿದ್ದಾರೆ. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಆಫ್ರಿಕದಲ್ಲಿ, ನಮ್ಮ ದೇಶದಲ್ಲಿ, ಯುರೋಪಿನಲ್ಲಿ ಕೈಗೊಡಲಿಯ ರೂಪ ಸರಿಸುಮಾರು ಒಂದೇ. ಹತ್ತು ಲಕ್ಷ ವರ್ಷಗಳಿಗೂ ಮೀರಿದ ಕಾಲದಲ್ಲಿ ಅದು ಬದಲಾದದ್ದು ಬಹು ಸ್ವಲ್ಪ. ತಂದೆ ಮಾಡಿದ್ದನ್ನು ಮಗ ಮಾಡಿದ, ಮಗ ಮಾಡಿದ್ದನ್ನು ಮೊಮ್ಮಗ, ಹೀಗೆ ಸಾವಿರಾರು ತಲೆಮಾರು. ನಾವಾದರೋ ಹತ್ತು ವರ್ಷದ ಹಿಂದಿನ ಫೋನನ್ನು ಹಳತೆಂದು ಎಸೆಯುವವರು. ಅವರಿಗೂ ನಮಗೂ ಇರುವ ನಿಜವಾದ ಅಂತರ ಎಲ್ಲಿಯಾದರೂ ಇದ್ದರೆ ಇಲ್ಲಿಯೇ ಇರಬೇಕೆಂದು ನನಗೆ ತೋರುತ್ತದೆ.

ದೇಹದ ಅಂತರಗಳೂ ಉಂಟು. ಕೇಳುತ್ತಿರುವವರು ಒಮ್ಮೆ ತಮ್ಮ ಗದ್ದವನ್ನು ಮುಟ್ಟಿ ನೋಡಿಕೊಳ್ಳಿ. ಕೆಳದವಡೆಯಿಂದ ಹೀಗೆ ಮುಂದಕ್ಕೆ ಚಾಚಿದ ಗದ್ದ ನಮ್ಮ ಕುಲದ್ದೇ ಗುರುತು; ನಮ್ಮ ಪೂರ್ವಿಕರಿಗಿರಲಿ, ಹತ್ತಿರದ ದಾಯಾದಿಗಳಿಗೂ ಅದು ಇರಲಿಲ್ಲ. ಅದು ನಮಗೇಕೆ ಬಂತೆಂದು ಇನ್ನೂ ಯಾರೂ ಸಮಾಧಾನವಾಗುವಂತೆ ಹೇಳಿಲ್ಲ. ಹಾಗೆಯೇ ಬೆರಳನ್ನು ಹುಬ್ಬಿನ ಮೇಲೆ ಆಡಿಸಿ. ಅಲ್ಲಿ ಅವರಿಗೆ ಚಾವಣಿಯ ಸೂರಿನಂತೆ ಎಲುಬಿನ ಏಣು ಇತ್ತು. ನಮಗೆ ಅದು ಹೆಚ್ಚುಕಡಮೆ ಸವೆದುಹೋಗಿ ನೆಟ್ಟನೆಯ ಹಣೆ ಬಂದಿದೆ. ಬೆಂಕಿಯಲ್ಲಿ ಬೇಯಿಸಿ ತಿನ್ನಲು ಕಲಿತದ್ದರಿಂದ ಹಲ್ಲು ದವಡೆಗಳು ಕಿರಿದಾಗಲು ಸಹಾಯವಾಯಿತೆಂದು ಹೇಳುತ್ತಾರೆ. ದಕ್ಷಿಣ ಆಫ್ರಿಕದ ಒಂದು ಗುಹೆಯಲ್ಲಿ 10 ಲಕ್ಷ ವರ್ಷಗಳ ಹಿಂದಿನ ಬೆಂಕಿಯ ಕುರುಹುಗಳಿವೆ.

ನಮ್ಮ ಕುಲದ ಅತಿ ಹಳೆಯ ಎಲುಬುಗಳೆಂದು ಈಗ ಹಲವರು ಒಪ್ಪಿರುವುದು ಮೊರಾಕೋ ದೇಶದ ಜೆಬೆಲ್ ಇರ್ಹೂದ್ ಎಂಬಲ್ಲಿಯವು. ಸುಮಾರು 3 ಲಕ್ಷ ವರ್ಷ. ನಮ್ಮ ಮನೆಯಿಂದ ಐದೂವರೆ ಕಿಲೋಮೀಟರು. ಇಲ್ಲಿ ನನ್ನ ಎಲೆಗಳ ಸಾಲಿನಲ್ಲಿ ಒಂದು ತಿದ್ದುಪಡಿ ಮಾಡಬೇಕು. ಅದು ಧನಗೆರೆಯಿಂದ ನೇರವಾಗಿ ಇಸಾಂಪುರಕ್ಕೆ ಹೋಗುವುದಿಲ್ಲ. ಇಂದು ಆಫ್ರಿಕದ ಹೊರಗಿರುವ ಎಲ್ಲ ಜನರ ಹಿರಿಯರೂ, ಬಹುಮಟ್ಟಿಗೆ, 50ರಿಂದ 70 ಸಾವಿರ ವರ್ಷಗಳ ಹಿಂದೆ ಆಫ್ರಿಕದಿಂದ ಹೊರಟು ಬಂದವರು. ಆದ್ದರಿಂದ ಸಾಲು ಆಫ್ರಿಕಕ್ಕೆ ತಿರುಗುತ್ತದೆ. ಇಸಾಂಪುರದಲ್ಲಿ ಕಲ್ಲು ಕೆತ್ತಿದವರು ನಮ್ಮ ತಾತಂದಿರಲ್ಲ. ತಾತಂದಿರ ದೂರದ ದಾಯಾದಿಗಳು. ಹೀಗೆ ದಾಯಾದಿಗಳು ಹಲವರಿದ್ದರು. ಜರ್ಮನಿಯಲ್ಲಿ 1856ರಲ್ಲಿ ಎಲುಬು ದೊರೆತ ನಿಯಾಂಡರ್ತಲರ ಮಿದುಳು ನಮ್ಮದರಷ್ಟೇ ದೊಡ್ಡದಾಗಿತ್ತು. ಅವರು ಒಂದು ಕಾಲಕ್ಕೆ ನಮ್ಮೊಡನೆ ನೆಂಟಸ್ತನವನ್ನೂ ಬೆಳೆಸಿದರು. ಸ್ವಾಂಟೆ ಪಾಬೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಆಫ್ರಿಕದ ಹೊರಗಿನ ನಮ್ಮೆಲ್ಲರಲ್ಲಿಯೂ ಅವರ ಅಂಶ ನೂರಕ್ಕೆ ಒಂದರಿಂದ ನಾಲ್ಕು ಪಾಲಿನಷ್ಟು ಉಳಿದಿದೆ. ಈ ಕೆಲಸಕ್ಕೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಹಾಗಾದರೆ ಗೋಡೆಯ ಮೇಲಿನ ಆ ಮೆರವಣಿಗೆ ಸುಳ್ಳು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬರಲಿಲ್ಲ. ಹಲವು ಕವಲುಗಳವರು ಒಂದೇ ಕಾಲದಲ್ಲಿ ಭೂಮಿಯ ಮೇಲಿದ್ದರು. ಉಳಿದವರೆಲ್ಲ ಅಳಿದು ನಾವೊಬ್ಬರು ಮಿಕ್ಕೆವು.

ನಾವು ಹೇಗೆ ಮಿಕ್ಕೆವು? ಒಬ್ಬೊಬ್ಬರ ಬುದ್ಧಿಯಿಂದ ಎಂದು ನಾನು ನಂಬುವುದಿಲ್ಲ. ನನ್ನನ್ನು ಇಸಾಂಪುರದ ಆ ಬಿಸಿಲಿನಲ್ಲಿ ಒಬ್ಬನನ್ನೇ ಬಿಟ್ಟರೆ ಮೂರು ದಿನ ಬದುಕಲಾರೆ. ಒಂದು ಚಕ್ಕೆಯನ್ನೂ ನೆಟ್ಟಗೆ ಎಬ್ಬಿಸಲಾರೆ. ನಮ್ಮ ಬಾಲ್ಯ ದೀರ್ಘವಾಯಿತು, ಮಾತು ಬಂತು, ಹಲ್ಲಿಲ್ಲದ ಅಜ್ಜಿಯರು ಬದುಕಿದರು, ಹಿರಿಯರು ಕಂಡದ್ದನ್ನು ಮಕ್ಕಳು ಕಲಿತು ಅದರ ಮೇಲೆ ತಮ್ಮದೊಂದಿಷ್ಟನ್ನು ಕೂಡಿಸಿದರು, ನೆರೆಯ ಗುಂಪಿನವರಿಂದ ಕಡ ತಂದರು. ಕೈಗೊಡಲಿಯವರಲ್ಲಿ ಈ ಕೂಡಿಕೆ ಬಲು ನಿಧಾನವಾಗಿತ್ತು, ನಮ್ಮಲ್ಲಿ ಅದು ನಿಲ್ಲಲಿಲ್ಲ. ಇಷ್ಟೇ ಅಂತರವೆಂದು ನನ್ನ ತಿಳಿವಳಿಕೆ.

ಇಲ್ಲಿಗೆ ನನ್ನ ತಪ್ಪಿನ ಮಾತು ಬಂತು. ಇಂದು ಬದುಕಿರುವ ಯಾವ ಜನರ ಮನೆಯಿಂದ ಎಲೆ ಹಾಸತೊಡಗಿದರೂ ಸಾಲಿನ ಉದ್ದ ಒಂದೇ. ಮೈಸೂರಿನ ಪ್ರಾಧ್ಯಾಪಕರದಾಗಲಿ, ಧನಗೆರೆಯ ಮೇಷ್ಟರದಾಗಲಿ, ಬೆಟ್ಟದ ಪೋಡಿನ ಸೋಲಿಗರದಾಗಲಿ, ಆ 3 ಲಕ್ಷ ವರ್ಷಗಳನ್ನು ಯಾರೂ ಕಡಮೆ ನಡೆದಿಲ್ಲ. ಮನುಷ್ಯರಲ್ಲಿರುವ ಆನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ 85 ಪಾಲು ಒಂದೊಂದು ಜನಸಮುದಾಯದ ಒಳಗೇ ಇರತಕ್ಕದ್ದೆಂದು ರಿಚರ್ಡ್ ಲೆವಾಂಟಿನ್ 1972ರಲ್ಲಿಯೇ ತೋರಿಸಿದ್ದರು. ಅಂದರೆ ನಾನು ತರಗತಿಯಲ್ಲಿ ನಗುವುದಕ್ಕೆ ಏಳು ವರ್ಷ ಮೊದಲೇ. ಕಾಡಿನಲ್ಲಿ ಬದುಕುವ ವಿದ್ಯೆಯೂ ತಲೆಮಾರುಗಳ ಕೂಡಿಕೆಯೇ. ಬೇಸಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕಿ ಕಾಡನ್ನು ಹಸನುಮಾಡುವ ಸೋಲಿಗರ 'ತರಗು ಬೆಂಕಿ'ಯನ್ನು 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ತಡೆದರು. ಆಮೇಲೆ ಕಾಡಿನ ತುಂಬ ಲಾಂಟಾನ ಹಬ್ಬಿತೆಂಬ ಅವರ ಮಾತನ್ನು ಈಗ ಪರಿಸರ ವಿಜ್ಞಾನಿಗಳೂ ಗಮನವಿಟ್ಟು ಕೇಳುತ್ತಿದ್ದಾರೆ. 2011ರಲ್ಲಿ ಆ ಕಾಡಿನ ಮೇಲೆ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆಯೂ ದೊರೆತಿದೆ.

ಆ ಹುಡುಗನ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಎಂಟು ದಿನ ಕಾದು, ಒಂದು ಭಾನುವಾರ ಅವನ ಪೋಡನ್ನು ಹುಡುಕಿಕೊಂಡು ಹೋದೆ. ಅವನ ತಂದೆ ಇಳಿಜಾರಿನಲ್ಲಿ ಕುಳಿತು ಕೋಲಿನಿಂದ ಗೆಣಸು ಅಗೆಯುತ್ತಿದ್ದ. ನಾನು ನಡೆದದ್ದನ್ನು ಪೂರ್ತಿ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅವನೂ ಕೇಳಲಿಲ್ಲ. ಗೆಣಸನ್ನು ಹೊರಗೆಳೆದು, ಬಳ್ಳಿ ಸೇರುವ ತಲೆಯ ಭಾಗವನ್ನು ಮುರಿದು ಮತ್ತೆ ಗುಳಿಯೊಳಗಿಟ್ಟು, ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದ. ಹೊರಡುವಾಗ ನನಗೂ ಎರಡು ಗೆಣಸು ಕೊಟ್ಟ. "ಇದು ಕಹಿ ಜಾತಿ ಮೇಷ್ಟ್ರೇ, ಸುಮ್ಮನೆ ಬೇಯಿಸಿದರೆ ಆಗದು" ಎಂದು, ಹೇಗೆ ಹೋಳು ಮಾಡಬೇಕು, ಎಷ್ಟು ಸಲ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು ಎಂಬುದನ್ನೆಲ್ಲ ಹೇಳಿದ. ಸ್ವಲ್ಪ ದೂರ ಬಂದಿದ್ದೆ. ಕೂಗಿ ನಿಲ್ಲಿಸಿ, ಹತ್ತಿರಕ್ಕೆ ಬಂದು, ಇನ್ನೊಂದು ಸಲ ಮೊದಲಿನಿಂದ ಹೇಳಿದ. ನಾನು ಅದನ್ನು ಹಿಂದಕ್ಕೆ ಒಪ್ಪಿಸುವವರೆಗೂ ಬಿಡಲಿಲ್ಲ. ಹುಡುಗ ಗುಡಿಸಲಿನ ಮರೆಯಿಂದ ನೋಡುತ್ತಿದ್ದ. ಅವನು ಮತ್ತೆ ಶಾಲೆಗೆ ಬರಲಿಲ್ಲ.